ಯಾರು ಕಟ್ಟಿದ ಮನೆ ಅದು?

ಪುಟ್ಟೀ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಲಿಂಕುಗಳನ್ನೆಲ್ಲ ತೆರೆದು ನೋಡಿದೆ. ಕೊನೆಯದೊಂದನ್ನು ಬಿಟ್ಟರೆ ಎಲ್ಲದರಲ್ಲೂ ಒಂದೇ ಚಿತ್ರ. ಹೊಸ ಹಲಗೆಯ ಕ್ಯಾಬಿನ್ನು, ಹಿಂದಿನ ಡೆಕ್ಕಿನ ಮೇಲೆ ಬಿಸಿನೀರಿನ ತೊಟ್ಟಿ, ಅದರ ಅಂಚಿನಲ್ಲಿ ಎರಡು ವೈನ್ ಗ್ಲಾಸು, ಮಂಚದ ಮೇಲೆ ಹಂಸದ ಆಕಾರಕ್ಕೆ ಮಡಿಸಿಟ್ಟ ಟವೆಲ್ಲು. ನಿಮ್ಮ ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ಪಕ್ಕದಲ್ಲೇ ಕೂತು ನೋಡುತ್ತಿದ್ದಳು, “ಇವೆಲ್ಲ ಒಬ್ಬರದೇ ಮನೆಯೇನ್ರೀ?” ಅಂದಳು. ಒಂದು ಜಾರ್ಜಿಯದ್ದು, ಇನ್ನೊಂದು ಟೆನೆಸಿಯದ್ದು, ಮತ್ತೊಂದು ಅಲಬಾಮದ್ದು ಅಂತ ವಿಳಾಸ ತೋರಿಸಿದರೂ ಅವಳಿಗೆ ನಂಬಿಕೆ ಬರಲಿಲ್ಲ.

ಮದುವೆಯಾದ ಮೇಲೆ ನೀವಿಬ್ಬರೇ ಹೋಗುತ್ತಿರುವ ಮೊದಲ ತಿರುಗಾಟ ಇದು. ಬಿಸಿನೀರಿನ ತೊಟ್ಟಿ ಅಟ್ಲಾಂಟದ ನಿಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲೇ ಇದೆ. ಹಳ್ಳಿಗಾಡಿಗೆ ಹೋದ ಮೇಲೆ ಇಳಿದುಕೊಳ್ಳುವ ಜಾಗದಲ್ಲಿ ಆ ಊರಿನ ರುಚಿ ಇರಬೇಡವೇ? ಇಷ್ಟು ವರ್ಷ ಅಮೆರಿಕದ ಈ ದಕ್ಷಿಣದ ರಾಜ್ಯಗಳಲ್ಲಿ ಇದ್ದು ನಾನು ಪಾಲಿಸಿಕೊಂಡು ಬಂದ ಪದ್ಧತಿ ಒಂದೇ. ದುಡ್ಡು ಕಟ್ಟುವ ಮುಂಚೆ ಮನೆಯವರಿಗೆ ಎರಡು ಸಾಲು ಬರೆದು ಕೇಳು: ಇದನ್ನು ಯಾರು ಕಟ್ಟಿದರು? ನಮಗಿಂತ ಮೊದಲು ಇಲ್ಲಿ ಯಾರು ಮಲಗುತ್ತಿದ್ದರು? ಅವರು ಬಾಯಿಬಿಟ್ಟು ಉತ್ತರ ಹೇಳಿದರೆ, ಆ ಉತ್ತರ ಕೇಳಿದ ಮೇಲೂ ಅಲ್ಲಿ ಮಲಗಲು ನಿಮ್ಮಿಬ್ಬರಿಗೂ ಮನಸ್ಸಾದರೆ, ಬುಕ್ ಮಾಡಿ.

ಮೊದಲನೆಯ ಸಲಕ್ಕೆ ಜೇಬಿಗೂ ಭಾರವಾಗದ ಜಾಗ ಹೇಳುತ್ತೇನೆ. ಇಲ್ಲಿನ ಸ್ಟೇಟ್ ಪಾರ್ಕುಗಳಲ್ಲಿ ಹಳೇ ಕಾಟೇಜುಗಳಿವೆ. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, 1933ರಲ್ಲಿ, ಅಧ್ಯಕ್ಷ ರೂಸ್‌ವೆಲ್ಟ್ ಕೆಲಸವಿಲ್ಲದ ಹುಡುಗರನ್ನು ಸೇರಿಸಿ ಸಿವಿಲಿಯನ್ ಕನ್ಸರ್ವೇಶನ್ ಕೋರ್ ಅಂತ ಒಂದು ಪಡೆ ಕಟ್ಟಿದರು. ತಿಂಗಳಿಗೆ 30 ಡಾಲರ್ ಸಂಬಳ, ಅದರಲ್ಲಿ 25 ನೇರವಾಗಿ ಮನೆಗೆ ಹೋಗಬೇಕು, ಹುಡುಗನ ಕೈಗೆ ಉಳಿಯುವುದು ಐದೇ. 1942ರವರೆಗೆ ನಡೆದ ಆ ಪಡೆಯಲ್ಲಿ ಸುಮಾರು ಮೂವತ್ತು ಲಕ್ಷ ಹುಡುಗರು ದುಡಿದರು. ಬಿಳಿಯರಿಗೆ, ಕರಿಯರಿಗೆ ಬೇರೆ ಬೇರೆ ಶಿಬಿರ ಮಾಡಿದ್ದರು, ಅದನ್ನೂ ಹೇಳಬೇಕು. ಅವರು ಕಲ್ಲು ಒಡೆದು, ಮರ ಕೊಯ್ದು ಕಟ್ಟಿದ ಮನೆಗಳು ಇವತ್ತಿಗೂ ಅಲ್ಲಾಡದೆ ನಿಂತಿವೆ. ನಿಮಗೆ ಹತ್ತಿರದ್ದೆಂದರೆ ಬ್ಲೇರ್ಸ್‌ವಿಲ್ ಬಳಿಯ ವೋಗೆಲ್ ಪಾರ್ಕು, ಬ್ಲಡ್ ಮೌಂಟನ್ ಬುಡದಲ್ಲಿ ಒಂದು ಪುಟ್ಟ ಕೆರೆಯ ಪಕ್ಕ. ಅಲಬಾಮದ ಕಡೆ ಹೋಗುವುದಾದರೆ ಫೋರ್ಟ್ ಪೇನ್ ಹತ್ತಿರದ ಡಿಸೋಟೋ ಪಾರ್ಕು. ಬುಕ್ ಮಾಡುವಾಗ ಒಂದು ಎಚ್ಚರ ಬೇಕು. ಒಂದೇ ಪಾರ್ಕಿನಲ್ಲಿ ಆ ಹುಡುಗರು ಕಟ್ಟಿದ ಹಳೇ ಕಾಟೇಜೂ ಇರುತ್ತದೆ, ಈಚೆಗೆ ಎಬ್ಬಿಸಿದ ಡಬ್ಬಿಯಂಥ ಕಾಟೇಜೂ ಇರುತ್ತದೆ, ಬಾಡಿಗೆಯಲ್ಲಿ ವ್ಯತ್ಯಾಸ ಹೆಚ್ಚಿರುವುದಿಲ್ಲ. ಫೋನ್ ಮಾಡಿ, ಹಳೆಯದೇ ಬೇಕು ಅಂತ ನಂಬರು ಕೇಳಿ ತೆಗೆದುಕೋ.

ನಡೆದೇ ಹೋಗಬೇಕಾದ ಜಾಗಗಳು ಎರಡಿವೆ, ಎರಡೂ ನನಗೆ ಇಷ್ಟ. ಅಮಿಕಲೋಲಾ ಜಲಪಾತದ ಮೇಲಿನಿಂದ ಐದು ಮೈಲಿ ಕಾಡುದಾರಿ ನಡೆದರೆ ಸಿಗುವ ಹೈಕ್ ಇನ್ ಒಂದು. ಜಲಪಾತ 729 ಅಡಿ. ನಮ್ಮ ಜೋಗಕ್ಕಿಂತ ನೂರಡಿ ಕಡಿಮೆ, ಧುಮುಕುವುದೂ ಒಂದೇ ನೆಗೆತಕ್ಕಲ್ಲ, ಮೆಟ್ಟಿಲು ಮೆಟ್ಟಿಲಾಗಿ. ಇನ್ನಿನಲ್ಲಿ ಇಪ್ಪತ್ತು ಕೋಣೆ, ಎರಡು ಹೊತ್ತಿನ ಊಟ, ಎಲ್ಲರೂ ಉದ್ದನೆಯ ಮೇಜಿಗೆ ಕೂತು ಉಣ್ಣಬೇಕು. ತಟ್ಟೆಯಲ್ಲಿ ಬಿಟ್ಟರೆ ತೂಕ ಹಾಕಿ ನಾಚಿಕೆಪಡಿಸುತ್ತಾರೆ, ನಿಮ್ಮ ಅಜ್ಜಿಗೆ ಬಹಳ ಒಪ್ಪಿಗೆಯಾಗುತ್ತಿದ್ದ ಜಾಗ. ಮೊಬೈಲು ಹೊರಗೆ ತೆಗೆಯುವಂತಿಲ್ಲ. ಆದರೆ ಮಲಗುವುದು ಒಂದರ ಮೇಲೊಂದು ಅಟ್ಟಣಿಗೆ ಮಂಚ, ಹೊಸ ದಂಪತಿಗೆ ಹೇಳಬೇಕಾದ ವಿಷಯ. ಅಳಿಯಂದಿರು ಆರಡಿ ಮೇಲಿದ್ದಾರೆ, ಕೆಳಗಿನದ್ದು ಅವರಿಗೇ ಬಿಡು.

ಇನ್ನೊಂದು ಟೆನೆಸಿಯ ಲೆ ಕಾಂಟ್ ಲಾಡ್ಜ್. ಗ್ರೇಟ್ ಸ್ಮೋಕಿ ಬೆಟ್ಟಗಳ ಮೇಲೆ, ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯ ತುದಿಯಷ್ಟೇ ಎತ್ತರದಲ್ಲಿದೆ. ರಸ್ತೆ ಇಲ್ಲ. ಅತಿ ಹತ್ತಿರದ ಆಲಂ ಕೇವ್ ದಾರಿಯೂ ಐದು ಮೈಲಿಗೆ ಮೇಲೆ. ಕರೆಂಟಿಲ್ಲ, ಸೀಮೆಎಣ್ಣೆ ದೀಪ. ಸ್ನಾನದ ಕೋಣೆಯಿಲ್ಲ, ಬಿಸಿನೀರು ತಂದುಕೊಂಡು ಬೇಸಿನ್ನಿನಲ್ಲಿ ಮೈ ಒರೆಸಿಕೊಳ್ಳಬೇಕು. ತೊಳೆದ ಹಾಸಿಗೆ ಬಟ್ಟೆಯೂ ದಿನಸಿಯೂ ಲಾಮಾಗಳ ಬೆನ್ನ ಮೇಲೆ ಬರುತ್ತವೆ. 1920ರ ದಶಕದಲ್ಲಿ ಇದನ್ನು ಕಟ್ಟಿದವನು ಜ್ಯಾಕ್ ಹಫ್ ಎಂಬ ಬೆಟ್ಟದ ಹುಡುಗ. ಕಾಯಿಲೆಯ ತಾಯಿಗೆ ತಾನು ಕಟ್ಟಿದ್ದನ್ನು ತೋರಿಸಬೇಕು ಅಂತ ಕುರ್ಚಿಯೊಂದನ್ನು ಬೆನ್ನಿಗೆ ಬಿಗಿದುಕೊಂಡು, ಅದರಲ್ಲಿ ಅವಳನ್ನು ಕೂರಿಸಿಕೊಂಡು ಬೆಟ್ಟ ಹತ್ತಿದ. ಶ್ರವಣಕುಮಾರನ ಕಥೆ ಕೇಳಿ ಬೆಳೆದ ನಮಗೆ ಅದರ ಹಳೇ ಫೋಟೋ ನೋಡಿದರೆ ಬೇರೆ ವಿವರಣೆ ಬೇಕಾಗುವುದಿಲ್ಲ. ಆಮೇಲೆ 1934ರಲ್ಲಿ ಅವನು ಮದುವೆಯಾದದ್ದೂ ಅದೇ ಬೆಟ್ಟದ ಒಂದು ಬಂಡೆಯಂಚಿನಲ್ಲಿ, ಸೂರ್ಯ ಹುಟ್ಟುವ ಹೊತ್ತಿಗೆ. ಇದಕ್ಕೆ ಮನಸ್ಸಾದರೆ ಈ ವರ್ಷದ ಆಸೆ ಬಿಡಿ. ಮುಂದಿನ ವರ್ಷದ ಕೋಣೆಗೆ ಹಿಂದಿನ ಅಕ್ಟೋಬರಿನಲ್ಲೇ ಅರ್ಜಿ ಹಾಕಬೇಕು, ಲಾಟರಿ ಎತ್ತುತ್ತಾರೆ.

ಈಗ ನನ್ನ ಬಹಳ ಮೆಚ್ಚಿನ ಜಾಗಕ್ಕೆ ಬರುತ್ತೇನೆ. ಹೇಳಿದರೆ ನಗಬೇಡ. ಜೋಡಿಯಾಗಿ ಹೋಗಿ ಇರಲು ಇಡೀ ದಕ್ಷಿಣದಲ್ಲಿ ನಾನು ಮೊದಲು ಸೂಚಿಸುವುದು ಬ್ರಹ್ಮಚಾರಿಗಳ ಊರನ್ನು.

ಕೆಂಟಕಿಯ ಹ್ಯಾರಡ್ಸ್‌ಬರ್ಗ್ ಪಕ್ಕದಲ್ಲಿ ಪ್ಲೆಸೆಂಟ್ ಹಿಲ್ ಅಂತ ಶೇಕರ್ ಪಂಥದವರ ಹಳ್ಳಿಯಿದೆ. ಅಟ್ಲಾಂಟದಿಂದ ಕಾರಿನಲ್ಲಿ ಸುಮಾರು ಆರು ಗಂಟೆ. 1805ರ ಸುಮಾರಿಗೆ ಬಂದು ನೆಲೆಸಿದ ಈ ಜನ ಆಸ್ತಿಯನ್ನೆಲ್ಲ ಒಟ್ಟಿಗೆ ಇಟ್ಟುಕೊಂಡರು, ಗಂಡಸರೂ ಹೆಂಗಸರೂ ಸಮ ಅಂದರು, ಮತ್ತು ಯಾರೂ ಸಂಸಾರ ಮಾಡಕೂಡದು ಅಂದರು. ಗಂಡಹೆಂಡಿರು ಬಂದು ಸೇರಿದರೆ ಆವತ್ತಿನಿಂದ ಅಣ್ಣತಂಗಿ. ಒಂದೇ ಕಟ್ಟಡದಲ್ಲಿ ವಾಸ, ಆದರೆ ಹೆಂಗಸರಿಗೆ ಒಂದು ಬಾಗಿಲು, ಗಂಡಸರಿಗೆ ಇನ್ನೊಂದು. ಮೆಟ್ಟಿಲೂ ಬೇರೆ ಬೇರೆ. ಪ್ರಾರ್ಥನೆಗೆ ಸೇರಿದಾಗ ಮಾತ್ರ ಮೈಮರೆತು ಕುಣಿಯುತ್ತಿದ್ದರು, ನೆಲ ಅದುರುವ ಹಾಗೆ. ಮಕ್ಕಳನ್ನು ಹಡೆಯದ ಪಂಥ ಹೊಸಬರು ಬಂದು ಸೇರುವ ತನಕ ಮಾತ್ರ ಬದುಕುತ್ತದೆ. ಅಂತರ್ಯುದ್ಧದ ನಂತರ ಬರುವವರು ಕಡಿಮೆಯಾದರು, 1910ರಲ್ಲಿ ಊರು ಮುಚ್ಚಿತು.

ಮೂರು ಸಾವಿರ ಎಕರೆ, ಅವರ ಕಾಲದ 34 ಕಟ್ಟಡ ಉಳಿದುಕೊಂಡಿವೆ. ಅವುಗಳಲ್ಲೇ ಕೆಲವನ್ನು ಇಳಿದುಕೊಳ್ಳುವ ಕೋಣೆಗಳಾಗಿ ಕೊಡುತ್ತಾರೆ. ಒಳಗೆ ಕಾಲಿಟ್ಟರೆ ಬಿಳಿ ಗೋಡೆ, ಗೋಡೆಯುದ್ದಕ್ಕೂ ಸಾಲಾಗಿ ಮರದ ಗೂಟಗಳು. ನೆಲ ಗುಡಿಸುವಾಗ ಕುರ್ಚಿಗಳನ್ನು ಆ ಗೂಟಕ್ಕೆ ನೇತುಹಾಕುತ್ತಿದ್ದರು. ಅಲಂಕಾರ ಅನ್ನುವುದು ಪಾಪ ಅಂತ ನಂಬಿದವರ ಕೈಯಿಂದ ಇಷ್ಟು ಚೆಂದದ ಬಡಗಿ ಕೆಲಸ ಹೇಗೆ ಹೊರಬಂತು ಅನ್ನುವುದೇ ಆಶ್ಚರ್ಯ. ಟ್ರಸ್ಟೀಸ್ ಆಫೀಸ್ ಅನ್ನುವ ಕಟ್ಟಡದಲ್ಲಿ ಮಿಕಾಜಾ ಬರ್ನೆಟ್ ಎಂಬ ಅವರ ಮೇಸ್ತ್ರಿ ಮಾಡಿದ ಅವಳಿ ಸುರುಳಿ ಮೆಟ್ಟಿಲಿದೆ. ಎದುರುಬದುರಾಗಿ ಎದ್ದು, ಒಂದನ್ನೊಂದು ಮುಟ್ಟದೆ ಮೇಲಕ್ಕೆ ಹೋಗುತ್ತವೆ. ನೀನು ಒಂದರಲ್ಲಿ, ಅಳಿಯಂದಿರು ಇನ್ನೊಂದರಲ್ಲಿ ಹತ್ತಿ ನೋಡಿ. ಅದೇ ಕಟ್ಟಡದ ಊಟದ ಮನೆಯಲ್ಲಿ ನಿಂಬೆಹಣ್ಣಿನ ಪೈ ಕೊಡುತ್ತಾರೆ, ಸಿಪ್ಪೆಸಮೇತ ಹೆಚ್ಚಿ ಸಕ್ಕರೆಯಲ್ಲಿ ನೆನೆಸಿ ಮಾಡಿದ್ದು. ನಮ್ಮ ನಿಂಬೆಕಾಯಿ ಸಿಹಿ ಉಪ್ಪಿನಕಾಯಿ ತಿಂದವರಿಗೆ ಆ ಕಹಿ ಅಪರಿಚಿತವೇನಲ್ಲ. ರಾತ್ರಿ ಎಂಟರ ಮೇಲೆ ಆ ಊರಿನಲ್ಲಿ ಮಾಡಲು ಏನೂ ಇಲ್ಲ. ನಿಮ್ಮಿಬ್ಬರಿಗೆ ಬೇಕಾಗಿರುವುದೂ ಅದೇ ಅಂತ ನಾನು ತಿಳಿದಿದ್ದೇನೆ.

ನೀನು ಕಳಿಸಿದ ಕೊನೆಯ ಲಿಂಕಿನ ಬಗ್ಗೆ ಸ್ವಲ್ಪ ಬಿಗಿಯಾಗೇ ಮಾತಾಡಬೇಕು. ಬಿಳಿ ಕಂಬಗಳ ದೊಡ್ಡ ಮನೆ, ಓಕ್ ಮರಗಳ ಸಾಲು, ಕೊಂಬೆಯಿಂದ ಜೋಲುಬಿದ್ದ ಸ್ಪ್ಯಾನಿಷ್ ಮಾಸ್, ಕೆಳಗೆ “ಹಳೇ ದಕ್ಷಿಣದ ವೈಭವ” ಅಂತ ಬರೆದಿದೆ. ನೋಡಲು ಲಕ್ಷಣವಾಗಿದೆ, ಇಲ್ಲವೆನ್ನುವುದಿಲ್ಲ. ಆದರೆ ನಾನು ಮೊದಲೇ ಹೇಳಿದ ಎರಡು ಪ್ರಶ್ನೆಗಳನ್ನು ಅಲ್ಲಿ ಕೇಳು. ಕಟ್ಟಿದವರು ಗುಲಾಮರು. ಇಟ್ಟಿಗೆ ಸುಟ್ಟವರು, ಹತ್ತಿ ಬಿಡಿಸಿದವರು, ಕಬ್ಬು ಕಡಿದವರು, ಒಳಗೆ ಅಡುಗೆ ಮಾಡಿದವರು, ಎಲ್ಲರೂ ಕೊಂಡು ತಂದ ಜನ, ಇಲ್ಲವೇ ಗುಲಾಮರಾಗೇ ಹುಟ್ಟಿದವರು. ಇದನ್ನು ಆ ಪುಟದಲ್ಲಿ ಎಲ್ಲಾದರೂ ಹೇಳಿದ್ದಾರೆಯೇ? ನಾನು ಕೊನೆಯವರೆಗೂ ಓದಿದೆ, ಮನೆಯೊಡೆಯನ ಬೆಳ್ಳಿ ಪಾತ್ರೆಯ ಬಗ್ಗೆ ಇದೆ, ಇವರ ಬಗ್ಗೆ ಒಂದಕ್ಷರವಿಲ್ಲ.

ಇದು ನಾನೊಬ್ಬ ಮುದುಕ ಮಾಡುತ್ತಿರುವ ತಕರಾರಲ್ಲ. 2019ರಲ್ಲಿ ಪಿಂಟರೆಸ್ಟ್ ಮುಂತಾದ ತಾಣಗಳು ಗುಲಾಮರು ದುಡಿದ ಇಂಥ ತೋಟದ ಬಂಗಲೆಗಳಲ್ಲಿ ನಡೆಯುವ ಪ್ಲಾಂಟೇಶನ್ ಮದುವೆಗಳಿಗೆ ಪ್ರಚಾರ ಕೊಡುವುದನ್ನು ಕಡಿಮೆ ಮಾಡಿದವು. 2022ರಲ್ಲಿ ಮಿಸಿಸಿಪ್ಪಿಯ ಗ್ರೀನ್‌ವಿಲ್ ಬಳಿ 1830ರ ದಶಕದ ಗುಲಾಮರ ಗುಡಿಸಲು ಅಂತಲೇ ಹೇಳಿಕೊಂಡು, ಒಳಗೆ ಒಳ್ಳೇ ಟೈಲ್ಸು, ಮೆತ್ತನೆ ಹಾಸಿಗೆ ಹಾಕಿ ಏರ್‌ಬಿಎನ್‌ಬಿಯಲ್ಲಿ ಬಾಡಿಗೆಗೆ ಇಟ್ಟಿದ್ದು ಗದ್ದಲವಾಯಿತು. ಕಂಪನಿ ಕ್ಷಮೆ ಕೇಳಿ ಅಂಥ ಮನೆಗಳನ್ನೆಲ್ಲ ಪಟ್ಟಿಯಿಂದ ತೆಗೆಯುವುದಾಗಿ ಹೇಳಿತು. 2025ರ ಮೇ ತಿಂಗಳಲ್ಲಿ ಲೂಸಿಯಾನದ ನಾಟೊವೇ ಅನ್ನುವ ಭಾರಿ ಬಂಗಲೆ, 1859ರದ್ದು, ರೆಸಾರ್ಟಾಗಿ ನಡೆಯುತ್ತಿದ್ದದ್ದು, ಸುಟ್ಟು ಬೂದಿಯಾಯಿತು. ಅಲ್ಲಿ ಮದುವೆಯಾದವರು ಅತ್ತರು, ಗುಲಾಮರ ವಂಶದ ಎಷ್ಟೋ ಜನ ಖುಷಿಪಟ್ಟು ವಿಡಿಯೋ ಹಾಕಿದರು. ಒಂದೇ ಬೆಂಕಿಗೆ ಎರಡೂ ಆಯಿತು ಅನ್ನುವುದನ್ನು ಗಮನಿಸು.

ನಾವು ಹೊರಗಿನವರು, ನಮಗ್ಯಾಕೆ ಅಂತ ಅಳಿಯಂದಿರು ಅನ್ನಬಹುದು. ಕೊಡಗಿನ ಎಸ್ಟೇಟ್ ಬಂಗಲೆಗಳಲ್ಲಿ ಇಳಿದು ಕಾಫಿ ಹೀರುವ ನಮ್ಮವರೂ ಕೆಳಗೆ ಕೂಲಿಯವರಿರುವ ಲೈನ್ ಮನೆಗಳ ಕಡೆ ಕಣ್ಣು ಹಾಯಿಸುವುದಿಲ್ಲ. ಅದೂ ಇದೂ ಒಂದೇ ಅಲ್ಲ, ಕೂಲಿಯವರನ್ನು ಮಾರುತ್ತಿರಲಿಲ್ಲ. ಆದರೂ ನೋಡದೆ ಇರುವ ಅಭ್ಯಾಸ ನಮಗೂ ಚೆನ್ನಾಗೇ ಇದೆ. ಹಾಗಾದರೆ ಹೋಗಲೇಬಾರದೋ? ನೋಡಲು ಹೋಗಿ, ಖಂಡಿತ ಹೋಗಿ. ಲೂಸಿಯಾನದ ವಿಟ್ನಿ ಪ್ಲಾಂಟೇಶನ್ 2014ರಲ್ಲಿ ಮ್ಯೂಸಿಯಮ್ಮಾಗಿ ತೆರೆಯಿತು, ಗುಲಾಮರ ಕಡೆಯಿಂದಲೇ ಕಥೆ ಹೇಳುತ್ತದೆ. ದಕ್ಷಿಣ ಕೆರೊಲಿನಾದ ಜೋಸೆಫ್ ಮೆಕ್‌ಗಿಲ್ ಎಂಬ ಕಪ್ಪು ಇತಿಹಾಸಕಾರರು 2010ರಿಂದ ಹಳೇ ಗುಲಾಮರ ಗುಡಿಸಲುಗಳಲ್ಲಿ ಬರೀ ನೆಲದ ಮೇಲೆ ಮಲಗಿ ರಾತ್ರಿ ಕಳೆಯುತ್ತಾ, ಜೊತೆಗೆ ಬಂದವರ ಹತ್ತಿರ ಬೆಳಗಿನವರೆಗೆ ಅದರ ಮಾತೇ ಆಡುತ್ತಾ ಬಂದಿದ್ದಾರೆ. ಅದು ಮಲಗುವ ಸರಿಯಾದ ಕ್ರಮ. ವೈನ್ ಗ್ಲಾಸು ಹಿಡಿದು ನಿಮ್ಮಿಬ್ಬರ ಮೊದಲ ತಿರುಗಾಟ ಅಲ್ಲಿ ಬೇಡ. ಬೇರೆ ವಿಷಯದಲ್ಲೆಲ್ಲ ನಿಮ್ಮಿಷ್ಟ ಅಂತ ಬಿಡುವ ದೊಡ್ಡಪ್ಪ ಇದೊಂದರಲ್ಲಿ ಬಿಡುವುದಿಲ್ಲ.

ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್ ಹತ್ತಿರ ಹಾಪ್ಸನ್ ಪ್ಲಾಂಟೇಶನ್ನಿನ ಹತ್ತಿ ಕೂಲಿಗಳ ಹಳೇ ಗುಡಿಸಲುಗಳನ್ನೇ ಲಾಡ್ಜು ಮಾಡಿದ್ದಾರೆ, ಷ್ಯಾಕ್ ಅಪ್ ಇನ್ ಅಂತ. ತುಕ್ಕು ಹಿಡಿದ ತಗಡು, ಸಂದು ಬಿಟ್ಟ ಹಲಗೆ, ಜಗಲಿಯ ಮೇಲೊಂದು ಹರಕು ಸೋಫಾ. ಬ್ಲೂಸ್ ಸಂಗೀತದ ಹುಚ್ಚಿರುವವರಿಗೆ ಅದು ತೀರ್ಥಕ್ಷೇತ್ರ. ಹೋಗು ಅನ್ನಲೂ ನನಗೆ ಬಾಯಿ ಬರುವುದಿಲ್ಲ, ಬೇಡ ಅನ್ನಲೂ ಬರುವುದಿಲ್ಲ. ಬಡತನವನ್ನೇ ಅಲಂಕಾರ ಮಾಡಿ ಮಾರುವುದು ಕಣ್ಣಿಗೆ ಚುಚ್ಚುತ್ತದೆ. ಆದರೆ ಆ ನೆಲದಲ್ಲೇ 1944ರಲ್ಲಿ ಬಿತ್ತನೆಯಿಂದ ಮೂಟೆ ಕಟ್ಟುವವರೆಗೆ ಯಂತ್ರದಿಂದಲೇ ಹತ್ತಿ ಬೆಳೆದು ತೋರಿಸಿದರು. ಆಮೇಲೆ ಕೂಲಿಗೆ ಕೈ ಬೇಕಾಗಲಿಲ್ಲ, ಜನ ರೈಲು ಹತ್ತಿ ಶಿಕಾಗೋ ಕಡೆ ಹೋದರು, ಜೊತೆಗೆ ಹಾಡನ್ನೂ ಒಯ್ದರು. ಬ್ಲೂಸ್ ಹಾಡುಗಾರ ಮಡ್ಡಿ ವಾಟರ್ಸ್ ಅದಕ್ಕಿಂತ ಒಂದು ವರ್ಷ ಮೊದಲೇ ಆ ಸುತ್ತಿನಿಂದ ಹೊರಟಿದ್ದ. ಅವನಿದ್ದ ಗುಡಿಸಲನ್ನು ಊರೊಳಗಿನ ಡೆಲ್ಟಾ ಬ್ಲೂಸ್ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ. ಮೊದಲು ಅದನ್ನು ನೋಡಿ, ಆಮೇಲೆ ರಾತ್ರಿ ಎಲ್ಲಿ ಮಲಗುವುದು ಅಂತ ಇಬ್ಬರೂ ಮಾತಾಡಿಕೊಳ್ಳಿ. ಇಬ್ಬರ ಉತ್ತರ ಬೇರೆ ಬೇರೆ ಬಂದರೂ ತಪ್ಪೇನಿಲ್ಲ, ಮದುವೆಯಾದವರು ಮಾತಾಡಿಕೊಳ್ಳಲೇಬೇಕಾದ ವಿಷಯಗಳಲ್ಲಿ ಇದೂ ಒಂದು.

ಗುಲಾಮರ ವಂಶದವರೇ ಮನೆಯೊಡೆಯರಾಗಿ ಅತಿಥಿಗಳನ್ನು ಬರಮಾಡಿಕೊಳ್ಳುವ ಜಾಗವೂ ಉಂಟು. ಜಾರ್ಜಿಯದ ಕರಾವಳಿಯಾಚೆ ಸಪೆಲೋ ಅನ್ನುವ ದ್ವೀಪ, ಅದರಲ್ಲಿ ಹಾಗ್ ಹ್ಯಾಮಕ್ ಎಂಬ ಗಲ್ಲಾ ಗೀಚೀ ಜನರ ಊರು. ಸೇತುವೆ ಇಲ್ಲ, ಮೆರಿಡಿಯನ್ನಿನಿಂದ ಫೆರಿ. ಅಲ್ಲಿಯವರ ಮನೆಯಲ್ಲಿ ಇರುವ ಏರ್ಪಾಡಾಗಲಿ, ಅವರೊಂದಿಗೆ ಸುತ್ತುವ ಏರ್ಪಾಡಾಗಲಿ ಮೊದಲೇ ಆಗಿದ್ದರೆ ಮಾತ್ರ ಹತ್ತಿಸಿಕೊಳ್ಳುತ್ತಾರೆ. ಅಂಗಡಿಗಳ ಭರವಸೆ ಇಟ್ಟುಕೊಳ್ಳಬೇಡಿ. ಈಗ ಉಳಿದಿರುವುದು ಕೆಲವೇ ಮನೆ. ದೊಡ್ಡ ಮನೆ ಕಟ್ಟಲು 2023ರಲ್ಲಿ ಕೌಂಟಿಯವರು ಅನುಮತಿ ಕೊಟ್ಟಾಗ, ತೆರಿಗೆ ಏರಿ ತಾವು ಜಾಗ ಬಿಡಬೇಕಾಗುತ್ತದೆ ಅಂತ ಆ ಜನ ಕೋರ್ಟು ಹತ್ತಿದರು. ನಿಮ್ಮ ಬಾಡಿಗೆ ದುಡ್ಡು ಯಾರ ಕೈಗೆ ಹೋದರೆ ಚೆನ್ನ ಅಂತ ಕೇಳಿದರೆ ನಾನು ಇವರನ್ನೇ ತೋರಿಸುತ್ತೇನೆ.

ಇದ್ಯಾವುದೂ ಸಿಗದಿದ್ದರೆ ಹೆದ್ದಾರಿಯ ಪಕ್ಕದ ಪಟೇಲರ ಮೋಟೆಲ್ಲನ್ನೂ ತಾತ್ಸಾರ ಮಾಡಬೇಡ. ದಕ್ಷಿಣದ ಯಾವ ಸಣ್ಣ ಊರಿಗೆ ಹೋದರೂ ಕೌಂಟರಿನ ಹಿಂದೆ ಗುಜರಾತಿ ಕುಟುಂಬ ಇರುತ್ತದೆ. ಅವರ ಹೋಟೆಲ್ ಮಾಲೀಕರ ಸಂಘ 1989ರಲ್ಲಿ ಹುಟ್ಟಿದ್ದು ನಮ್ಮ ಅಟ್ಲಾಂಟದಲ್ಲೇ. ಅಮೆರಿಕದ ಹೋಟೆಲುಗಳಲ್ಲಿ ಅರ್ಧಕ್ಕೂ ಹೆಚ್ಚು ತಮ್ಮ ಸದಸ್ಯರದು ಅಂತ ಆ ಸಂಘ ಹೇಳುತ್ತದೆ. ಮೀರಾ ನಾಯರ್ ಅವರ ‘ಮಿಸಿಸಿಪ್ಪಿ ಮಸಾಲಾ’ ಸಿನಿಮಾ ಹೊರಡುವ ಮುಂಚೆ ಇಬ್ಬರೂ ನೋಡಿ, ಕಥೆಯ ಬಹುಭಾಗ ಅಂಥ ಮೋಟೆಲ್ಲಿನ ಕುಟುಂಬದ್ದೇ. ಕಟ್ಟಿದವರು ಯಾರು ಅಂತ ಅಲ್ಲಿ ಕೇಳಿದರೆ ನವಸಾರಿಯೋ ಸೂರತ್ತೋ ಅಂತ ಶುರುವಾಗಿ ಚಹಾ ಬರುವ ತನಕ ನಡೆಯುತ್ತದೆ.

ಜನ ಹೇಗೆ ಅಂತ ನಿನ್ನ ಅಮ್ಮ ಫೋನಿನಲ್ಲಿ ಕೇಳಿದಳು. ಹಳ್ಳಿಯವರು ಮಾತಿಗೆ ನಿಲ್ಲುತ್ತಾರೆ. ಯಾವ ಚರ್ಚಿಗೆ ಹೋಗುತ್ತೀರಿ ಅಂತ ಕೇಳಿದರೆ ಅದು ನಮ್ಮ ಕಡೆ “ಯಾವೂರು, ಯಾರ ಪೈಕಿ” ಅಂದ ಹಾಗೆ, ದೇವಸ್ಥಾನಕ್ಕೆ ಹೋಗುತ್ತೇವೆ ಅಂದರೆ ಮುಗಿಯಿತು. ಕೆಲವು ಮನೆಗಳ ಮುಂದೆ, ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ನಿಂತವರ ಕಾನ್ಫೆಡರೇಟ್ ಬಾವುಟ ಕಾಣುತ್ತದೆ. ಅಂಥ ದಾರಿಯಲ್ಲಿ ಕತ್ತಲಾದ ಮೇಲೆ ವಿಳಾಸ ಹುಡುಕುತ್ತಾ ಯಾರ ಗೇಟಿನೊಳಗೂ ಕಾರು ತಿರುಗಿಸಬೇಡಿ. ಬೆಟ್ಟದಲ್ಲಿ ಸಿಗ್ನಲ್ ಸಿಗುವುದಿಲ್ಲ, ಆದ್ದರಿಂದ ಮ್ಯಾಪು ಮೊದಲೇ ಇಳಿಸಿಕೊಂಡು, ಬೆಳಕಿರುವಾಗಲೇ ಸೇರಿಕೊಳ್ಳಿ.

ಊಟದ ವಿಷಯ. ಸಣ್ಣ ಊರುಗಳ ಊಟದ ಮನೆಯಲ್ಲಿ ಒಂದು ಮಾಂಸ, ಮೂರು ಪಲ್ಯ ಅಂತ ಲೆಕ್ಕ. ಮಾಂಸ ಬೇಡ, ಬರೀ ಪಲ್ಯದ ತಟ್ಟೆ ಕೊಡಿ ಅಂದರೆ ಕೊಡುತ್ತಾರೆ. ಆದರೆ ಹುರುಳಿಕಾಯಿ, ಸೊಪ್ಪು, ಬೇಯಿಸಿದ ಕಾಳು ಎಲ್ಲದರೊಳಗೂ ಹಂದಿ ಮೂಳೆಯೋ ಕೊಬ್ಬೋ ಸೇರಿರುತ್ತದೆ, ಕೇಳದೆ ಬಾಯಿಗಿಡಬೇಡಿ. ಅಲ್ಲಿ ಮ್ಯಾಕರೋನಿ ಚೀಸೂ ಪಲ್ಯದ ಪಟ್ಟಿಯಲ್ಲೇ ಬರುತ್ತದೆ. ಕೇಳಿ ಕೇಳಿ ತಿನ್ನುವ ರಗಳೆ ಬೇಡವಾದರೆ ಅಡುಗೆಮನೆ ಇರುವ ಕಾಟೇಜು ಹಿಡಿದರೆ ನೆಮ್ಮದಿ. ದಾರಿಯಲ್ಲಿ ಬೇಯಿಸಿದ ಕಡಲೆಕಾಯಿ ಅಂತ ಬೋರ್ಡು ಕಂಡರೆ ನಿಲ್ಲಿಸಿ. ಬಸವನಗುಡಿ ಪರಿಷೆಯದಕ್ಕಿಂತ ಉಪ್ಪು ಜಾಸ್ತಿ, ಬಿಟ್ಟರೆ ಅದೇ.

ಕಾಲ ಯಾವುದು ಅಂದರೆ ಏಪ್ರಿಲ್ ಕೊನೆ, ಇಲ್ಲವೇ ನವೆಂಬರ್ ಮೊದಲ ವಾರ. ಅಕ್ಟೋಬರಿನಲ್ಲಿ ಎಲೆ ಬಣ್ಣ ನೋಡಲು ಜಗತ್ತೇ ಬರುತ್ತದೆ, ಬಾಡಿಗೆ ಆಕಾಶಕ್ಕೆ ಏರುತ್ತದೆ. ಬೇಸಿಗೆಯಲ್ಲಿ ಹುಲ್ಲಿಗೆ ಕಾಲಿಟ್ಟರೆ ಉಣುಗು ಹತ್ತುತ್ತದೆ, ಸಂಜೆ ಕಾಲುಗಳನ್ನು ಒಬ್ಬರದೊಬ್ಬರು ನೋಡಿಕೊಳ್ಳಿ. ಪಶ್ಚಿಮ ನಾರ್ತ್ ಕೆರೊಲಿನಾಗೆ ಹೋಗುವುದಾದರೆ, 2024ರ ಸೆಪ್ಟೆಂಬರಿನ ಹೆಲೀನ್ ಚಂಡಮಾರುತ ಅಲ್ಲಿನ ರಸ್ತೆಗಳನ್ನೇ ಕೊಚ್ಚಿಕೊಂಡು ಹೋಗಿತ್ತು, ಯಾವ ದಾರಿ ತೆರೆದಿದೆ ಅಂತ ಕೇಳಿಕೊಂಡು ಹೊರಡಿ. ಶೌಚಾಲಯದ ವಿಷಯದಲ್ಲಿ ಇಬ್ಬರಲ್ಲಿ ಯಾರಿಗೆ ಸಹನೆ ಕಡಿಮೆಯೋ ಅವರ ಮಾತೇ ಕೊನೆ, ಇದರಲ್ಲಿ ತ್ಯಾಗ ಮಾಡಲು ಯಾರೂ ಹೋಗಬೇಡಿ.

ನಿಮ್ಮ ದೊಡ್ಡಮ್ಮ ಚಟ್ನಿಪುಡಿ, ಕೊಬ್ಬರಿ ಮಿಠಾಯಿ, ಅವಲಕ್ಕಿ ಕಟ್ಟಿಕೊಡುತ್ತಾಳಂತೆ. ತೆಗೆದುಕೊಂಡು ಹೋಗಿ, ಆದರೆ ರಾತ್ರಿ ಒಂದು ಚೂರನ್ನೂ ಕಾರಿನಲ್ಲಿ ಬಿಡಬೇಡಿ. ಆ ಬೆಟ್ಟದ ಕರಡಿಗಳು ಲಾಕ್ ಹಾಕದ ಕಾರಿನ ಬಾಗಿಲನ್ನು ಹಿಡಿ ಎಳೆದು ತೆಗೆಯುವುದನ್ನು ಕಲಿತಿವೆ. ಒಳಗೆ ಸೇರಿಕೊಂಡ ಮೇಲೆ ಬಾಗಿಲು ಮುಚ್ಚಿಹೋದರೆ ಸೀಟು, ಸ್ಟಿಯರಿಂಗು ಒಂದನ್ನೂ ಬಿಡುವುದಿಲ್ಲ, ಆಮೇಲೆ ಇನ್ಶೂರೆನ್ಸಿನವರಿಗೆ ಚಟ್ನಿಪುಡಿ ಅಂದರೆ ಏನು ಅಂತ ನೀನು ವಿವರಿಸಬೇಕಾಗುತ್ತದೆ.

ನಿನ್ನ ದೊಡ್ಡಪ್ಪ